ಪಬ್‌ಮೆಡ್, ಕಾಕ್ರೇನ್‌ನಂಥ ಉಚಿತ ಡೇಟಾಬೇಸ್‌ಗಳಲ್ಲಿ ನಮ್ಮಂಥವರು ಹುಡುಕುವುದು ಹೇಗೆ?

ಹಂಪಿನಗರದ ಮಗ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳ ಮೇಲೆ ಇದ್ದಾರೆ. ಹೋದ ತಿಂಗಳ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.4 ಎಂದು ಬಂದ ಮೇಲೆ ವಿಚಾರಿಸಿದರೆ, ಎದುರುಮನೆಯವರ ಮಾತು ಕೇಳಿ ಎರಡು ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಗಲಕಾಯಿ ರಸ ಕುಡಿಯುತ್ತಿರುವುದು ತಿಳಿಯಿತು. ವೈದ್ಯರನ್ನು ಕೇಳಿದಾಗ "ಕುಡಿಯಲಿ ಬಿಡಿ, ಏನಾಗುತ್ತದೆ" ಎಂದು ಹೇಳಿ ಮುಂದಿನ ಟೋಕನ್ ಕರೆದರು. ಹೊರಗೆ ಮೂವತ್ತು ನಲವತ್ತು ಜನ ಕೂತಿದ್ದರಾದ್ದರಿಂದ ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ಗೂಗಲ್‌ನಲ್ಲಿ ಹುಡುಕಿದರೆ ಮೊದಲ ಪುಟದ ತುಂಬ ರಸ ಮಾರುವವರೇ ಇದ್ದಾರೆ. ಆಫೀಸಿನಲ್ಲಿ ಒಬ್ಬರು ಪಬ್‌ಮೆಡ್ ನೋಡಿ ಎಂದರು. ಅಲ್ಲಿ ಮೊದಲು ತೆರೆದ ಲೇಖನದಲ್ಲೇ ಹಾಗಲಕಾಯಿಯಿಂದ ಸಕ್ಕರೆ ಗಣನೀಯವಾಗಿ ಇಳಿಯಿತೆಂದು ಬರೆದಿತ್ತು. ಸಂತೋಷದಿಂದ ಅಮ್ಮನಿಗೆ ಹೇಳಲು ಎದ್ದವನು ಶೀರ್ಷಿಕೆಯನ್ನು ಇನ್ನೊಮ್ಮೆ ಓದಿದೆ. ಸಕ್ಕರೆ ಇಳಿದದ್ದು ಇಲಿಗಳಿಗೆ. ಇಂಥ ಡೇಟಾಬೇಸ್‌ಗಳಲ್ಲಿ ನಿಜವಾಗಿಯೂ ಉಚಿತವಾಗಿರುವುದು ಯಾವುವು, ವೈದ್ಯರಲ್ಲದವರು ಅವುಗಳನ್ನು ಬಳಸುವ ಕ್ರಮ ಯಾವುದು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಗ್ರಂಥಪಾಲಕಿ

ನಾನು ನಗರದ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮಗಾದದ್ದು ಪ್ರತಿ ವರ್ಷ ನಮ್ಮ ಮೊದಲ ವರ್ಷದ ಪಿ.ಜಿ. ವಿದ್ಯಾರ್ಥಿಗಳಿಗೂ ಆಗುತ್ತದೆ, ಆದ್ದರಿಂದ ಸಂಕೋಚ ಬೇಡ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಪಬ್‌ಮೆಡ್ ಗ್ರಂಥಾಲಯವಲ್ಲ, ಅದೊಂದು ಸೂಚಿ. ಇಂದು ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಎನಿಸಿಕೊಂಡಿರುವ ಅಮೆರಿಕದ ಗ್ರಂಥಾಲಯದ ಮುಖ್ಯಸ್ಥರು 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಮುದ್ರಿತ ಸೂಚಿಯನ್ನು ಆರಂಭಿಸಿದರು. ಯಾವ ವಿಷಯದ ಲೇಖನ ಯಾವ ನಿಯತಕಾಲಿಕೆಯ ಯಾವ ಪುಟದಲ್ಲಿದೆ ಎಂದು ಹೇಳುವ ಆ ದಪ್ಪ ಸಂಪುಟಗಳು ನಮ್ಮ ಕಾಲೇಜಿನ ನೆಲಮಾಳಿಗೆಯಲ್ಲಿ ಇಂದಿಗೂ ಇವೆ, ಧೂಳು ಹೊಡೆಯಲು ಮಾತ್ರ ನಾವು ಅವುಗಳನ್ನು ಮುಟ್ಟುತ್ತೇವೆ. ಆ ಸೂಚಿಯೇ ಕಂಪ್ಯೂಟರಿಗೆ ಬಂದು, 1997ರಲ್ಲಿ ಪಬ್‌ಮೆಡ್ ಎಂಬ ಹೆಸರಿನಲ್ಲಿ ಜಗತ್ತಿನ ಎಲ್ಲರಿಗೂ ಉಚಿತವಾಯಿತು. ಇಂದು ಅದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಆದರೆ ಸೂಚಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಲೇಖನ ಸರಿಯಾಗಿದೆ ಎಂದು ಆ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಂತಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರಿರುವವರೆಲ್ಲ ಸಜ್ಜನರೇ?

ಎರಡನೆಯದಾಗಿ, ಅಲ್ಲಿನ ಬೀಗಕ್ಕೆ ಕೀಲಿ ದುಡ್ಡಲ್ಲ, ಪದ. ಪ್ರತಿಯೊಂದು ವಿಷಯಕ್ಕೂ ಅವರು ಒಂದು ಅಧಿಕೃತ ಹೆಸರನ್ನು ಗೊತ್ತುಮಾಡಿ, ಮೆಶ್ ಎಂಬ ಪದಪಟ್ಟಿಯಲ್ಲಿ ಇಟ್ಟಿದ್ದಾರೆ. ನೀವು ಹಾರ್ಟ್ ಅಟ್ಯಾಕ್ ಎಂದು ಬರೆದರೆ ಪಬ್‌ಮೆಡ್ ತಾನಾಗಿಯೇ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂಬುದನ್ನೂ ಸೇರಿಸಿಕೊಂಡು ಹುಡುಕುತ್ತದೆ. ಆದರೆ ಎಲ್ಲ ಪದಗಳ ವಿಷಯದಲ್ಲೂ ಅದು ಇಷ್ಟು ಜಾಣತನ ತೋರುವುದಿಲ್ಲ. ಹಾಗಲಕಾಯಿಗೆ ನಾವು ಬಿಟರ್ ಗೋರ್ಡ್ ಎನ್ನುತ್ತೇವೆ, ಅಮೆರಿಕದವರು ಬಿಟರ್ ಮೆಲನ್ ಎನ್ನುತ್ತಾರೆ, ಕೆಲವು ಭಾರತೀಯ ಲೇಖಕರು ಕರೇಲಾ ಎಂದೇ ಬರೆದಿರುತ್ತಾರೆ. ಈ ಗೊಂದಲದಿಂದ ಪಾರಾಗಲು ಸಸ್ಯಶಾಸ್ತ್ರದ ಹೆಸರನ್ನು ಹಿಡಿಯಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಮೊಮೊರ್ಡಿಕಾ ಚರಾಂಶಿಯ ಎಂದು ಬರೆದು, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಆ್ಯಂಡ್ ಎಂದು ಸೇರಿಸಿ, ಟೈಪ್ 2 ಡಯಾಬಿಟಿಸ್ ಎಂದು ಬರೆಯಿರಿ. ಫಲಿತಾಂಶದ ಎಡಭಾಗದಲ್ಲಿ ಸೋಸುವ ಆಯ್ಕೆಗಳಿವೆ. ಅಲ್ಲಿ ಹ್ಯೂಮನ್ಸ್ ಎಂಬುದನ್ನು ಒತ್ತಿದರೆ ನಿಮ್ಮ ಇಲಿಗಳು ಬಹುಮಟ್ಟಿಗೆ ಓಡಿಹೋಗುತ್ತವೆ. ಸಿಸ್ಟಮ್ಯಾಟಿಕ್ ರಿವ್ಯೂ ಎಂಬುದನ್ನೂ ಒತ್ತಿದರೆ, ಬಿಡಿಬಿಡಿ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದ ವಿಮರ್ಶೆಗಳಷ್ಟೇ ಉಳಿಯುತ್ತವೆ. ನಮ್ಮಂಥವರು ಓದಲು ಶುರುಮಾಡಬೇಕಾದದ್ದು ಅಲ್ಲಿಂದ.

ಹಂಪಿನಗರದ ಮಗ

ಮೇಡಂ, ನೀವು ಹೇಳಿದ ಹಾಗೆಯೇ ಮಾಡಿದೆ. ಇಂಥ ವಿಮರ್ಶೆಗಳನ್ನೇ ಮಾಡುವ ಕಾಕ್ರೇನ್ ಸಂಸ್ಥೆಯವರ 2012ರ ಒಂದು ವಿಮರ್ಶೆ ಸಿಕ್ಕಿತು. ಹಾಗಲಕಾಯಿಯ ಬಗ್ಗೆ ಅವರ ಮಾನದಂಡಕ್ಕೆ ಒಪ್ಪಿಗೆಯಾದದ್ದು ಒಟ್ಟು ನಾಲ್ಕೇ ಪ್ರಯೋಗಗಳಂತೆ. ಎಲ್ಲ ಸೇರಿ 479 ಜನ, ಅತಿ ದೀರ್ಘವಾದ ಪ್ರಯೋಗವೂ ಮೂರು ತಿಂಗಳು ದಾಟಿಲ್ಲ. ಸರಳ ಭಾಷೆಯ ಸಾರಾಂಶವೂ ಉಚಿತವಾಗಿಯೇ ಇತ್ತು. ಟೈಪ್ 2 ಸಕ್ಕರೆ ಕಾಯಿಲೆಗೆ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ. ನನ್ನ ಗೊಂದಲವಿರುವುದು ಇಲ್ಲೇ. ಪುರಾವೆ ಸಾಲದು ಎಂದರೆ ಕೆಲಸ ಮಾಡುವುದಿಲ್ಲ ಎಂದು ಅರ್ಥವೇ, ಅಥವಾ ಇನ್ನೂ ಗೊತ್ತಿಲ್ಲ ಎಂದೇ?

ಮಲ್ಲೇಶ್ವರದ ವೈದ್ಯ

ಇನ್ನೂ ಗೊತ್ತಿಲ್ಲ ಎಂದೇ ಅರ್ಥ. ಅಷ್ಟು ಕಡಿಮೆ ಜನರ ಮೇಲೆ, ಅಷ್ಟು ಕಡಿಮೆ ಕಾಲ ನಡೆದ ಪ್ರಯೋಗಗಳಲ್ಲಿ ಸಣ್ಣ ಪ್ರಯೋಜನವಿದ್ದರೂ ಕಾಣಿಸದೆ ಹೋಗಬಹುದು, ಇಲ್ಲದ ಪ್ರಯೋಜನ ಕಾಣಿಸಿಯೂ ಬಿಡಬಹುದು. ಆದರೆ ಸರ್, ನಿಮ್ಮ ತಾಯಿಯ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಬೇರೆ ಎರಡು ಸಂಗತಿಗಳ ಬಗ್ಗೆ. ರಸ ಕುಡಿಯುತ್ತಿದ್ದೇನೆಂಬ ಧೈರ್ಯದಲ್ಲಿ ಅವರು ಮಾತ್ರೆ ಬಿಡುತ್ತಿದ್ದಾರೆಯೇ ಎಂಬುದು ಒಂದು. ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಹಿರಿಯರು ಬೆಳಿಗ್ಗೆ ತಿಂಡಿಗೆ ಬದಲು ರಸ ಕುಡಿದು ಕೂತರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು ಎಂಬುದು ಇನ್ನೊಂದು. ಮೈ ಬೆವರುವುದು, ಕೈ ನಡುಗುವುದು, ಮಾತು ತೊದಲುವುದು ಅದರ ಲಕ್ಷಣಗಳು. ಇದನ್ನು ಯಾವ ಡೇಟಾಬೇಸೂ ನಿಮಗೆ ತಾನಾಗಿ ಹೇಳುವುದಿಲ್ಲ, ಏಕೆಂದರೆ ನೀವು ಅದನ್ನು ಕೇಳಲಿಲ್ಲ.

ಕಾಕ್ರೇನ್ ಹೆಸರು ಬಂದದ್ದರಿಂದ ಒಂದು ಮಾತು. 1993ರಲ್ಲಿ ಶುರುವಾದ ಈ ಸಂಸ್ಥೆಗೆ ಆರ್ಚಿ ಕಾಕ್ರೇನ್ ಎಂಬ ಸ್ಕಾಟ್‌ಲೆಂಡಿನ ವೈದ್ಯರ ಹೆಸರಿಟ್ಟಿದ್ದಾರೆ. ಅದರ ಲಾಂಛನದಲ್ಲಿ ಕೆಲವು ಅಡ್ಡಗೆರೆಗಳೂ ಕೆಳಗೊಂದು ವಜ್ರಾಕೃತಿಯೂ ಇರುವುದನ್ನು ನೋಡಿರುತ್ತೀರಿ. ಅದು ಅಲಂಕಾರವಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಅಗ್ಗದ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುವ ಸಾಧ್ಯತೆ ಹೆಚ್ಚು ಎಂದು 1972ರಲ್ಲೇ ನ್ಯೂಜಿಲೆಂಡಿನ ಒಂದು ಪ್ರಯೋಗ ಹೇಳಿತ್ತು. ಆಮೇಲೆ ಹಲವು ಪ್ರಯೋಗಗಳು ನಡೆದವು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅನುಮಾನ ಉಳಿಯುತ್ತಿತ್ತು. 1989ರವರೆಗೆ ಅವುಗಳನ್ನು ಯಾರೂ ಒಟ್ಟುಗೂಡಿಸಿ ಪ್ರಕಟಿಸಲಿಲ್ಲವಾದ್ದರಿಂದ ಬಹುಪಾಲು ಪ್ರಸೂತಿ ತಜ್ಞರಿಗೆ ಆ ಚಿಕಿತ್ಸೆಯ ಮಹತ್ವವೇ ತಿಳಿಯಲಿಲ್ಲ, ಉಳಿಯಬಹುದಾಗಿದ್ದ ಎಷ್ಟೋ ಹಸುಗೂಸುಗಳು ಉಳಿಯಲಿಲ್ಲ. ಗೆರೆ ಒಂದೊಂದೂ ಒಂದು ಪ್ರಯೋಗ, ವಜ್ರಾಕೃತಿ ಅವೆಲ್ಲದರ ಒಟ್ಟು ಫಲ. ಎಂ.ಡಿ. ಓದುವಾಗ ಈ ಕಥೆ ಕೇಳಿದ ಮೇಲೆ ಒಂದೇ ಲೇಖನವನ್ನು ನಂಬಿ ಮಾತಾಡುವ ಚಟ ನನಗೆ ಬಿಟ್ಟುಹೋಯಿತು.

ಬಸವನಗುಡಿಯ ನಿವೃತ್ತ

ಕ್ಷಮಿಸಿ, ನಾನು ಸ್ವಲ್ಪ ವಿರೋಧವಾಗಿ ಮಾತಾಡುತ್ತೇನೆ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದವನು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಮೂರು ವರ್ಷದ ಹಿಂದೆ ನನಗೆ ಕೊಟ್ಟಿದ್ದ ಬಿಪಿ ಮಾತ್ರೆಯ ಬಗ್ಗೆ ಇದೇ ಪಬ್‌ಮೆಡ್‌ನಲ್ಲಿ ಓದುತ್ತ ಕೂತೆ. ಒಂದು ಅಡ್ಡಪರಿಣಾಮದ ಸಂಭವ ಎರಡರಷ್ಟಾಗುತ್ತದೆ ಎಂದು ಒಂದು ಸಾರಾಂಶದಲ್ಲಿತ್ತು. ಹೆಂಡತಿಗೂ ಹೇಳದೆ ಹನ್ನೆರಡು ದಿನ ಮಾತ್ರೆ ನುಂಗಲಿಲ್ಲ. ಹದಿಮೂರನೆಯ ದಿನ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವಾಗ ಕಣ್ಣು ಕತ್ತಲೆ ಬಂದು ಕಲ್ಲುಬೆಂಚಿನ ಮೇಲೆ ಕುಸಿದೆ. ಯಾರೋ ಪುಣ್ಯಾತ್ಮರು ಆಟೋ ಹತ್ತಿಸಿದರು. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತು ನನಗಾಗಿಯೇ ಹುಟ್ಟಿದೆ ಎಂದುಕೊಂಡೆ. ಉಚಿತ ಎಂದ ಮಾತ್ರಕ್ಕೆ ಎಲ್ಲರ ಕೈಗೂ ಕೊಡುವ ವಸ್ತುವೇ ಇದು?

ಮಲ್ಲೇಶ್ವರದ ವೈದ್ಯ

ಹಿರಿಯರು ಹೇಳಿದ್ದರಲ್ಲಿ ತೂಕವಿದೆ. ಆದರೆ ಸರ್, ನಿಮ್ಮನ್ನು ಬೀಳಿಸಿದ್ದು ಡೇಟಾಬೇಸ್ ಅಲ್ಲ, "ಎರಡರಷ್ಟು" ಎಂಬ ಒಂದು ಪದ. ಇದೇ ಪದ 1995ರ ಅಕ್ಟೋಬರಿನಲ್ಲಿ ಇಡೀ ಬ್ರಿಟನ್ನನ್ನು ಬೆಚ್ಚಿಬೀಳಿಸಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಎರಡರಷ್ಟಾಗುತ್ತದೆ ಎಂದು ಅಲ್ಲಿನ ಅಧಿಕೃತ ಸಮಿತಿ ಎಚ್ಚರಿಸಿತು. ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗಬಹುದು ಎಂಬುದು ಅದರ ಒಳ ಅರ್ಥ. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಎಷ್ಟೋ ಮಹಿಳೆಯರು ರಾತ್ರೋರಾತ್ರಿ ಮಾತ್ರೆ ನಿಲ್ಲಿಸಿದರು, ಬೇಡದ ಬಸಿರು ನಿಂತಿತು, ಮರುವರ್ಷ ಅಲ್ಲಿ ಗರ್ಭಪಾತಗಳ ಸಂಖ್ಯೆ ಏರಿತು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದ ಆಗುವುದಕ್ಕಿಂತಲೂ ಹೆಚ್ಚು ಎಂಬುದು ಇನ್ನೊಂದು ವಿಪರ್ಯಾಸ. ಆದ್ದರಿಂದ ಎರಡರಷ್ಟು, ಶೇಕಡ ಐವತ್ತು ಕಡಿಮೆ ಎಂಬ ಮಾತು ಕಂಡಲ್ಲೆಲ್ಲ, ಎಷ್ಟು ಜನರಲ್ಲಿ ಎಷ್ಟು ಜನರಿಗೆ ಎಂದು ಸಾರಾಂಶದೊಳಗೆ ಹುಡುಕಿ. ಆ ಸಂಖ್ಯೆ ಸಿಗದಿದ್ದರೆ ಆ ಲೇಖನವನ್ನು ಅಲ್ಲಿಗೇ ಮುಚ್ಚಬಹುದು.

ಗ್ರಂಥಪಾಲಕಿ

ಸಂಶೋಧನಾ ಲೇಖನಗಳ ಗೊಡವೆಯೇ ಬೇಡ, ವಿಷಯ ತಿಳಿದರೆ ಸಾಕು ಎನ್ನುವವರಿಗೆ ಪಬ್‌ಮೆಡ್ ನಡೆಸುವ ಲೈಬ್ರರಿಯವರೇ 1998ರಿಂದ ನಡೆಸುತ್ತಿರುವ ಮೆಡ್‌ಲೈನ್‌ಪ್ಲಸ್ ಇದೆ. ಅದರಲ್ಲಿ ಜಾಹೀರಾತು ಇಲ್ಲ. ಲ್ಯಾಬ್ ರಿಪೋರ್ಟಿನಲ್ಲಿರುವ ಒಂದೊಂದು ಪರೀಕ್ಷೆ ಏನನ್ನು ಅಳೆಯುತ್ತದೆ, ಏಕೆ ಮಾಡಿಸುತ್ತಾರೆ ಎಂಬುದನ್ನು ಶಾಲಾ ಮಕ್ಕಳಿಗೂ ತಿಳಿಯುವ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಹಿರಿಯರು ಅಲ್ಲಿಂದ ಆರಂಭಿಸಿದ್ದರೆ ಲಾಲ್‌ಬಾಗಿನ ಬೆಂಚು ತಪ್ಪುತ್ತಿತ್ತೇನೋ.

ಆರ್.ಟಿ. ನಗರದ ಅಮ್ಮ

ನನ್ನ ಅನುಭವ ಹಿರಿಯರದಕ್ಕಿಂತ ಬೇರೆ. ಮಗುವಿಗೆ ಐದು ತಿಂಗಳಾಗಿದ್ದಾಗ ನನಗೆ ಗಂಟಲು ಸೋಂಕು ತಗುಲಿ ಅಮಾಕ್ಸಿಸಿಲಿನ್ ಬರೆದುಕೊಟ್ಟರು. ಮಾತ್ರೆ ಮುಗಿಯುವವರೆಗೂ ಮಗುವಿಗೆ ಹಾಲು ಕೊಡಬೇಡಿ ಎಂದು ಮೆಡಿಕಲ್ ಶಾಪಿನವರು ಹೇಳಿದರು, ಮನೆಯಲ್ಲಿ ಅತ್ತೆಯವರೂ ಅದನ್ನೇ ಹೇಳಿದರು. ಆ ರಾತ್ರಿ ಮಗು ಬಾಟಲಿ ಮುಟ್ಟಲಿಲ್ಲ. ಎರಡು ಗಂಟೆಗೆ ನಾನೂ ಮಗುವೂ ಜೊತೆಯಲ್ಲಿ ಅಳುತ್ತಿದ್ದೆವು. ನರ್ಸ್ ಆಗಿರುವ ಗೆಳತಿ ಆಗ ಲ್ಯಾಕ್ಟ್‌ಮೆಡ್ ಎಂಬುದರ ಕೊಂಡಿ ಕಳುಹಿಸಿದಳು. ಅದು ಮೊಲೆಹಾಲುಣಿಸುವ ತಾಯಂದಿರು ತೆಗೆದುಕೊಳ್ಳುವ ಔಷಧಗಳಿಗಾಗಿಯೇ ಇರುವ ಉಚಿತ ಡೇಟಾಬೇಸ್. ಔಷಧದ ಹೆಸರು ಬರೆದರೆ ಅದು ಹಾಲಿನಲ್ಲಿ ಎಷ್ಟು ಸೇರುತ್ತದೆ, ಮಗುವಿಗೆ ಏನಾಗಬಹುದು, ಬದಲಿ ಔಷಧ ಯಾವುದು ಎಂದು ಒಂದೇ ಪುಟದಲ್ಲಿ ಬರುತ್ತದೆ. ಅಮಾಕ್ಸಿಸಿಲಿನ್ ಹಾಲಿಗೆ ಬಹಳ ಕಡಿಮೆ ಸೇರುತ್ತದೆ, ಅಪರೂಪಕ್ಕೆ ಮಗುವಿಗೆ ಭೇದಿಯೋ ಬಾಯಿಹುಣ್ಣೋ ಕಾಣಿಸಬಹುದು, ಆದರೆ ಹಾಲುಣಿಸುವವರಿಗೆ ಸಮ್ಮತ ಎಂದಿತ್ತು. ಬೆಳಿಗ್ಗೆ ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಮಕ್ಕಳ ವೈದ್ಯರ ಬಳಿಗೆ ಹೋದೆ. ಅವರು ಓದಿ, ನಗುತ್ತ, "ಇದನ್ನು ಆ ಅಂಗಡಿಯವರಿಗೂ ಒಂದು ಪ್ರತಿ ಕೊಡಿ" ಎಂದರು. ಕೊಟ್ಟೆ. ಅವರು ಅದನ್ನು ಮಡಚಿ ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡರು.

ಕತ್ರಿಗುಪ್ಪೆಯ ಆಯುರ್ವೇದ

ನಾನು ಬಿ.ಎ.ಎಂ.ಎಸ್. ಪದವೀಧರ. ಹಾಗಲಕಾಯಿಯ ಮೇಲಿನ ಮಾತಿಗೆ ನಾನು ಸಿಡುಕುತ್ತೇನೆಂದು ಯಾರಾದರೂ ಕಾಯುತ್ತಿದ್ದರೆ ನಿರಾಶೆಯಾದೀತು. ನಮ್ಮ ಪದ್ಧತಿಯ ಪ್ರಯೋಗಗಳಲ್ಲಿ ಬಹಳಷ್ಟು ಚಿಕ್ಕವು, ಅವಧಿಯೂ ಕಡಿಮೆ. ಇದನ್ನು ನಾವೇ ಒಪ್ಪಿಕೊಳ್ಳದಿದ್ದರೆ ದೊಡ್ಡ ಪ್ರಯೋಗಗಳು ನಡೆಯುವುದಾದರೂ ಹೇಗೆ? ಆಯುಷ್ ಪದ್ಧತಿಗಳ ಲೇಖನಗಳಿಗೆಂದೇ ಕೇಂದ್ರ ಸರ್ಕಾರದ ಆಯುಷ್ ರಿಸರ್ಚ್ ಪೋರ್ಟಲ್ ಇದೆ, ಅದೂ ಉಚಿತ.

ಅದಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಸಿಟಿಆರ್‌ಐ ಬಗ್ಗೆ. ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪುಸ್ತಕವೆಂದರೆ ಅದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಅಧೀನದಲ್ಲಿ 2007ರ ಜುಲೈನಲ್ಲಿ ಆರಂಭವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವುದಕ್ಕೆ ಮುಂಚೆಯೇ ನೋಂದಾಯಿಸಬೇಕು. ನಂತರ ಮಾಡಿದರೆ ಸ್ವೀಕರಿಸುವುದಿಲ್ಲ. ಇದರಿಂದ ನಮಗೇನು ಎಂದರೆ, ಎಷ್ಟು ಜನರನ್ನು ಸೇರಿಸುತ್ತೇವೆ, ಯಾವ ಫಲವನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟ ಮೇಲೆ, ಗುರಿ ತಪ್ಪಿದ ನಂತರ ಬಾಣ ಬಿದ್ದಲ್ಲಿ ವೃತ್ತ ಬರೆಯಲು ಬರುವುದಿಲ್ಲ. ಯಾರಾದರೂ ನಿಮ್ಮ ಮನೆಯವರನ್ನು ಟ್ರಯಲ್‌ಗೆ ಸೇರಿಸಿಕೊಳ್ಳುತ್ತೇವೆ ಎಂದರೆ ನೋಂದಣಿ ಸಂಖ್ಯೆ ಕೇಳಿ, ಅಲ್ಲಿ ಹಾಕಿ ನೋಡಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂಬುದೂ ಅಲ್ಲೇ ಕಾಣುತ್ತದೆ. ಹಾಗಲಕಾಯಿಯನ್ನೂ ಹುಡುಕಿ, ಇಂಗ್ಲಿಷ್ ಹೆಸರಿನಿಂದಲೂ ಕಾರವೇಲ್ಲಕ ಎಂಬ ಸಂಸ್ಕೃತ ಹೆಸರಿನಿಂದಲೂ. ಗ್ರಂಥಪಾಲಕಿಯವರು ಹೇಳಿದ ಪದದ ಸಮಸ್ಯೆ ನಮ್ಮಲ್ಲಿ ಇನ್ನೂ ಒಂದು ಪಟ್ಟು ಹೆಚ್ಚು.

ಹೆಬ್ಬಾಳದ ಸಂಶೋಧಕ

ಸಾರಾಂಶ ಓದಿ ಪೂರ್ತಿ ಲೇಖನಕ್ಕೆ ಹೋದರೆ ನಲವತ್ತು ಡಾಲರ್ ಕೇಳುತ್ತಾರಲ್ಲ, ಅದನ್ನು ಯಾರೂ ಹೇಳಲಿಲ್ಲ. ಉಚಿತ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆಯೇ?

ಗ್ರಂಥಪಾಲಕಿ

ಮುಗಿಯುವುದಿಲ್ಲ. ಪಬ್‌ಮೆಡ್‌ನ ಎಡಭಾಗದಲ್ಲೇ ಫ್ರೀ ಫುಲ್ ಟೆಕ್ಸ್ಟ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಪೂರ್ತಿ ಓದಲು ಸಿಗುವವು ಮಾತ್ರ ಉಳಿಯುತ್ತವೆ. ಇವುಗಳಲ್ಲಿ ಬಹಳಷ್ಟು ಇರುವುದು 2000ದಲ್ಲಿ ಶುರುವಾದ ಪಬ್‌ಮೆಡ್ ಸೆಂಟ್ರಲ್ ಎಂಬ ಭಂಡಾರದಲ್ಲಿ. ಹೆಸರು ಒಂದೇ ರೀತಿ ಕೇಳಿಸಿದರೂ ಅದು ಸೂಚಿ, ಇದು ಗ್ರಂಥಾಲಯ. ಅನ್‌ಪೇವಾಲ್ ಎಂಬ ಉಪಕರಣವನ್ನು ಬ್ರೌಸರಿಗೆ ಸೇರಿಸಿಕೊಂಡರೆ, ಲೇಖಕರು ಬೇರೆಲ್ಲಾದರೂ ಕಾನೂನುಬದ್ಧವಾಗಿ ಉಚಿತ ಪ್ರತಿ ಇಟ್ಟಿದ್ದರೆ ಅದನ್ನು ಹುಡುಕಿಕೊಡುತ್ತದೆ. ಅದೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. ತಮ್ಮ ಲೇಖನವನ್ನು ಯಾರೋ ಓದಬಯಸುತ್ತಿದ್ದಾರೆ ಎಂಬುದೇ ಹೆಚ್ಚಿನವರಿಗೆ ಸಂತೋಷದ ವಿಷಯ. ನನ್ನ ಅನುಭವದಲ್ಲಿ ಉತ್ತರ ಬರುವುದೇ ಹೆಚ್ಚು.

ಮನೆಯಲ್ಲಿ ಯಾರಾದರೂ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುತ್ತಿದ್ದರೆ ದಾರಿ ಇನ್ನೂ ಸುಲಭ. ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗಾಗಿ 2003ರಿಂದ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಒಕ್ಕೂಟವನ್ನು ನಡೆಸುತ್ತಿದೆ. 2025ರ ಜನವರಿಯಿಂದ ಕೇಂದ್ರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ತೆರೆದಿವೆ. ಸಾಮಾನ್ಯ ನಾಗರಿಕರಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ ಎಂಬುದು ನನಗಂತೂ ಬೇಸರದ ಸಂಗತಿ. ದುಡ್ಡು ತೆರಿಗೆದಾರರದು, ಓದು ಮಾತ್ರ ಕ್ಯಾಂಪಸ್ಸಿನೊಳಗೆ.

ಒಂದು ಎಚ್ಚರಿಕೆ ಬಾಕಿ ಇದೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 1998ರ ಆ ಕುಖ್ಯಾತ ಲೇಖನ ಪಬ್‌ಮೆಡ್‌ನಲ್ಲಿ ಇಂದಿಗೂ ಇದೆ. ಅದರಲ್ಲಿದ್ದದ್ದು ಕೇವಲ ಹನ್ನೆರಡು ಮಕ್ಕಳ ವಿವರ. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಪಬ್‌ಮೆಡ್ ಇಂಥವನ್ನು ಅಳಿಸುವುದಿಲ್ಲ, ಮೇಲೆ ರಿಟ್ರ್ಯಾಕ್ಟೆಡ್ ಎಂದು ಎದ್ದುಕಾಣುವಂತೆ ಬರೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಸ್ಕ್ರೀನ್‌ಶಾಟಿನಲ್ಲಿ ಆ ಬರಹವನ್ನು ಕತ್ತರಿಸಿರುತ್ತಾರೆ. ಆದ್ದರಿಂದ ಲೇಖನದ ಹೆಸರನ್ನು ನೀವೇ ಹಾಕಿ ತೆರೆದು ನೋಡಬೇಕು.

ಹೆಬ್ಬಾಳದ ಸಂಶೋಧಕ

ಧನ್ಯವಾದ ಮೇಡಂ. ನನ್ನ ಕಡೆಯಿಂದ ಒಂದು ಸೇರ್ಪಡೆ. ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನೆಯ ರಾಷ್ಟ್ರೀಯ ಕೇಂದ್ರ, ಎನ್‌ಸಿಡಿಐಆರ್, ಇರುವುದು ನಮ್ಮ ಬೆಂಗಳೂರಿನಲ್ಲೇ. ದೇಶದ ಕ್ಯಾನ್ಸರ್ ರಿಜಿಸ್ಟ್ರಿಗಳ ವರದಿಗಳನ್ನು ಅವರು ಜಾಲತಾಣದಲ್ಲಿ ಉಚಿತವಾಗಿ ಇಡುತ್ತಾರೆ. ಇತ್ತೀಚೆಗೆ ಕ್ಯಾನ್ಸರ್ ಹೆಚ್ಚಾಗಿದೆಯಂತೆ ಎಂದು ಮದುವೆಮನೆಯಲ್ಲಿ ಚರ್ಚೆ ಶುರುವಾದಾಗ, ಯಾವ ಅಂಗದ್ದು, ಯಾವ ವಯಸ್ಸಿನವರಲ್ಲಿ, ಬೆಂಗಳೂರಿನಲ್ಲೋ ಬೇರೆಡೆಯೋ ಎಂದು ಅಂಕಿಯನ್ನೇ ತೆರೆದು ತೋರಿಸಬಹುದು. ಊಟದ ಪಂಕ್ತಿ ತಣ್ಣಗಾಗುತ್ತದೆ, ಅದೊಂದೇ ತೊಂದರೆ.

ಹಂಪಿನಗರದ ಮಗ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮಲ್ಲೇಶ್ವರದ ಡಾಕ್ಟರ್ ಊಹಿಸಿದ್ದು ನಿಜವಾಗಿತ್ತು. ಅಮ್ಮನ ಮಾತ್ರೆಯ ಡಬ್ಬಿ ತೆಗೆದು ಎಣಿಸಿದೆ. ರಾತ್ರಿಯ ಮೆಟ್‌ಫಾರ್ಮಿನ್ ಇಪ್ಪತ್ತಾರು ಮಾತ್ರೆ ಹೆಚ್ಚಿಗೆ ಉಳಿದಿದ್ದವು. "ಕಹಿಯೇ ಕುಡೀತಿದೀನಲ್ಲೋ, ಮಾತ್ರೆ ಬೇರೆ ಯಾಕೆ" ಎಂದರು. ಕಾಕ್ರೇನ್‌ನ ಸಾರಾಂಶವನ್ನು ಕೂತು ಕನ್ನಡಕ್ಕೆ ತಂದು ಅವರಿಗೆ ಓದಿ ಹೇಳಿದೆ. ಮೊದಲ ಎರಡು ಸಾಲಿಗೇ ಅರ್ಧ ಗಂಟೆ ಹಿಡಿಯಿತು. ಪೂರ್ತಿ ಕೇಳಿ, "ನಾನೂರ ಎಪ್ಪತ್ತೊಂಬತ್ತು ಜನ ಅಂದ್ರೆ ನಮ್ಮ ಒಂದು ಬೀದಿಯವರೂ ಆಗಲ್ವಲ್ಲ" ಎಂದು ಅವರೇ ಹೇಳಿದರು.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋದೆ, ಮಾತ್ರೆಗಳ ಎಣಿಕೆಯನ್ನೂ ಬರೆದಿದ್ದೆ. ಅವರು ಈ ಸಲ ಟೋಕನ್ ಕರೆಯಲು ಅವಸರ ಮಾಡಲಿಲ್ಲ. ಹೊಸ ಮಾತ್ರೆ ಸೇರಿಸುವುದನ್ನು ಮುಂದೂಡಿ, ಇರುವುದನ್ನೇ ಸರಿಯಾಗಿ ತೆಗೆದುಕೊಂಡು ಮೂರು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ರಸ ನಿಂತಿದೆ. ಹಾಗಲಕಾಯಿ ಗೊಜ್ಜು ಮಾತ್ರ ವಾರಕ್ಕೊಮ್ಮೆ ನಡೆಯುತ್ತಿದೆ, ಅದಕ್ಕೆ ಹಾಕುವ ಬೆಲ್ಲದ ಬಗ್ಗೆ ಈಗ ಮನೆಯಲ್ಲಿ ಜಗಳ.

ಮೇಡಂ, ಇನ್ನೊಂದು ಪ್ರಶ್ನೆ. ಅಮ್ಮನಿಗೆ ಮಂಡಿನೋವೂ ಇದೆ. ಯಾವ ಪದ ಹಾಕಿ ಹುಡುಕಲಿ?

ಗ್ರಂಥಪಾಲಕಿ

ಸವೆತದಿಂದ ಬಂದ ಮಂಡಿನೋವಾದರೆ ಮೆಶ್ ಪಟ್ಟಿಯಲ್ಲಿ ಅದರ ಹೆಸರು ಆಸ್ಟಿಯೊಆರ್ತ್ರೈಟಿಸ್, ನೀ. ಆದರೆ ಮಂಡಿನೋವಿಗೆ ಕಾರಣ ಅದೊಂದೇ ಅಲ್ಲ. ಮೊದಲು ಚೀಟಿಯಲ್ಲಿ ಡಾಕ್ಟರು ಏನೆಂದು ಬರೆದಿದ್ದಾರೆ ನೋಡಿ. ಅಕ್ಷರ ಅರ್ಥವಾಗದಿದ್ದರೆ ನಿಮ್ಮ ಬೀದಿಯ ಮೆಡಿಕಲ್ ಶಾಪಿನವರಿಗೆ ತೋರಿಸಿ, ಅವರಿಗೆ ಓದಲು ಬರುತ್ತದೆ.